ವಾತ್ಯಾರರ ಬಸ್ಕಿ

ನಮ್ಮ ಮಗಳು ಕಮಲಿನಿ ಲೆಕ್ಕದಲ್ಲಿ ಎರಡನೇ ಸಲ ಫೇಲಾದಾಗ ನಮ್ಮ ಮನೆಯವರು ಊಟಕ್ಕೆ ಕೂತಲ್ಲೇ ತೀರ್ಪು ಕೊಟ್ಟರು. "ರಜಾ ಮುಗಿಯೋದ್ರೊಳಗೆ ಲೆಕ್ಕ ಬಂದ್ರೆ ಸ್ಕೂಲು. ಇಲ್ಲಾಂದ್ರೆ ಮನೇಲಿರ್ಲಿ, ಗೋದಾ. ನಾನೇ ಪರೀಕ್ಷೆ ಮಾಡ್ತೀನಿ."

ನನ್ನನ್ನು ತವರಿನಲ್ಲಿ ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರು. ಆ ಹೊಟ್ಟೆಯುರಿ ಇವತ್ತಿಗೂ ಆರಿಲ್ಲ. ಮಾರನೇ ದಿನವೇ ಶೆವ್ವಾಯಿಪೇಟೆಯಿಂದ ಮನೆಪಾಠಕ್ಕೆ ಪುರಂದರ ವಾತ್ಯಾರರನ್ನು ಕರೆಸಿದೆ. ನಮ್ಮ ಈ ತಮಿಳು ಊರಲ್ಲಿ ಮೇಷ್ಟ್ರಿಗೆ ವಾತ್ಯಾರ್ ಅಂತಾರೆ. ಸಣಕಲು ಮನುಷ್ಯ, ಜುಟ್ಟು, ದೊಡ್ಡ ಗಂಟಲು.

ಮೊದಲ ದಿನ "ಏಳೆಂಟ್ಲ?" ಎಂದರು. ಹುಡುಗಿ "ಐವತ್ತಾರು" ಎಂದಳು. ವಾತ್ಯಾರರು ಕಣ್ಣು ಬಿಟ್ಟು, "ಏನು? ಐವತ್ತನಾಲ್ಕಲ್ವಾ?" ಎಂದು ಗದರಿದರು. "ಹೌದು ಸಾರ್, ಐವತ್ತನಾಲ್ಕೇ" ಎಂದುಬಿಟ್ಟಳು ನನ್ನ ಮಗಳು!

ವಾತ್ಯಾರರು ನಕ್ಕರು. "ಅಮ್ಮಾ, ಇವಳಿಗೆ ಕಣಕ್ಕು, ಲೆಕ್ಕ, ಬರುತ್ತೆ. ದೊಡ್ಡವರು ತಪ್ಪು ಹೇಳಿದ್ರೆ ತಪ್ಪು ಅನ್ನೋಕೆ ಬರಲ್ಲ, ಅಷ್ಟೇ."

ಅಂದಿನಿಂದ ಅವರು ಬೇಕೆಂತಲೇ ತಪ್ಪು ಮಾಡತೊಡಗಿದರು. ಹಲಗೆಯ ಮೇಲೆ ಹತ್ತು ಲೆಕ್ಕ ಬರೆದರೆ ಎರಡು ಮೂರು ತಪ್ಪು ಇದ್ದೇ ಇರುತ್ತಿತ್ತು. ಅವಳು ಹಿಡಿದರೆ ಅವರು ಎರಡೂ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯಬೇಕು. ಮೊದಮೊದಲು ಅವಳು ಉಗುರು ಕಚ್ಚುತ್ತಾ ಕೂತಿರುತ್ತಿದ್ದಳು. ಮಾವಿನಹಣ್ಣಿನ ಕಾಲ ಮುಗಿಯುವ ಹೊತ್ತಿಗೆ "ಸಾರ್, ತಪ್ಪು! ತೋಪ್ಪುಕರಣಂ ಪೋಡುಂಗೊ! ಬಸ್ಕಿ ಹೊಡೀರಿ!" ಎಂಬ ಕೂಗು ಬೀದಿಯ ತುದಿಗೆ ಕೇಳುತ್ತಿತ್ತು. ಪಕ್ಕದ ಮನೆಯ ಚೆಲ್ಲಮ್ಮ, "ನಿಮ್ಮನೇಲಿ ಯಾರು ಯಾರಿಗೆ ಪಾಠ ಹೇಳ್ತಾರೆ?" ಎಂದು ಆಡಿಕೊಂಡಳು. ಆಡಿಕೊಳ್ಳಲಿ, ನನಗಂತೂ ಒಳಗೊಳಗೇ ಹಿಗ್ಗು.

ಕೊನೆಗೆ ಪರೀಕ್ಷೆಯ ದಿನ ಬಂತು. ಮನೆಯವರು ಜಗಲಿಯ ಮೇಲೆ ಕೂತು, "ಹನ್ನೆರಡು ಜನ ಎಂಟು ದಿನದಲ್ಲಿ ಬಾವಿ ತೋಡಿದ್ರೆ ಹದಿನಾರು ಜನಕ್ಕೆ ಎಷ್ಟು ದಿನ?" ಎಂದರು.

"ಆರು ದಿನ, ಅಪ್ಪಾ."

"ತಪ್ಪು! ತ್ರೈರಾಶಿ ಹಾಕು. ಹತ್ತೂ ಮೂರನೇ ಎರಡು." ಅವರು ವಾತ್ಯಾರರ ಕಡೆ ಕೆಂಗಣ್ಣು ಬಿಟ್ಟರು. "ಇದೇನ್ರೀ ನೀವು ಕಲಿಸಿದ್ದು?"

ವಾತ್ಯಾರರು ಹಲಗೆಯನ್ನು ಅವಳ ಕಡೆ ಸರಿಸಿದರು. ಕಮಲಿನಿಯನ್ನೇ ನೋಡುತ್ತಿದ್ದರು. ಅವಳ ಬೆರಳು ಮೆಲ್ಲಗೆ ಬಾಯಿಗೆ ಹೋಯಿತು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಹೌದು ಅಪ್ಪಾ ಅಂದರೆ ಎಲ್ಲಾ ಮುಗಿಯಿತು.

ಅವಳು ಬೆರಳು ತೆಗೆದಳು. "ಇಲ್ಲ ಅಪ್ಪಾ. ನಿಮ್ಮದು ತಪ್ಪು. ಜನ ಜಾಸ್ತಿ ಆದ್ರೆ ಕೆಲಸ ಬೇಗ ಮುಗೀಬೇಕಲ್ವಾ?"

ಅವರ ಕಚೇರಿಯಲ್ಲಿ ಎಷ್ಟು ಜನ ಇದ್ದರೂ ಮುಗಿಯುವುದಿಲ್ಲ, ಅದಕ್ಕೇ ಅವರಿಗೆ ಹೊಳೆದಿಲ್ಲ ಎಂದು ನಾನು ಅಂದುಕೊಂಡೆ. ಅವರು ಹಲಗೆ ಕಿತ್ತುಕೊಂಡು ಲೆಕ್ಕ ಹಾಕಿದರು, ಒರೆಸಿದರು, ಮತ್ತೆ ಹಾಕಿದರು. ಮೀಸೆಯ ಕೆಳಗೆ ನಗು ತಡೆದುಕೊಂಡು, "ಆರೇ" ಎಂದರು.

"ಹಾಗಾದ್ರೆ ತೋಪ್ಪುಕರಣಂ?" ಎಂದಳು ಈ ಗಯ್ಯಾಳಿ. ವಾತ್ಯಾರರು ಬೆಚ್ಚಿ ಬಿದ್ದು ಎದ್ದೇ ನಿಂತರು.

ಮನೆಯವರು ಸುತ್ತ ನೋಡಿ, ಶಲ್ಯ ಸೊಂಟಕ್ಕೆ ಬಿಗಿದು, ದೇವರ ಮನೆಯ ಕಡೆ ತಿರುಗಿ ಕಿವಿ ಹಿಡಿದು ಒಂದೇ ಒಂದು ಬಸ್ಕಿ ಹೊಡೆದರು. "ಇದು ಗಣಪತಿಗೆ" ಎಂದರು. "ಗೋದಾ, ಸೋಮವಾರ ಸ್ಕೂಲು. ಜಡೆ ಸರಿಯಾಗಿ ಹಾಕಿ ಕಳಿಸು."

ನಾನು ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮದುವೆಯಾದಾಗಿನಿಂದ ನನ್ನ ನಾಲಿಗೆಯ ತುದಿಯಲ್ಲೇ ಇದ್ದ 'ನಿಮ್ಮದು ತಪ್ಪು' ಎಂಬ ಮಾತನ್ನು ನನ್ನ ಮಗಳು ಹನ್ನೊಂದನೇ ವಯಸ್ಸಿಗೇ ಹೇಳಿ ಮುಗಿಸಿದ್ದಳು.