ನಾಂದಿಯ ಪೇಟಿ

ನಾನು ಒಂದು ಹಾರ್ಮೋನಿಯಂ. ನಮ್ಮ ಕಡೆ ಪೇಟಿ ಎನ್ನುತ್ತಾರೆ. ಹುಬ್ಬಳ್ಳಿಯ ಒಂದು ಓಣಿಯಲ್ಲಿ ಹುಸೇನಸಾಬರು ಸಾಗವಾನಿ ಕಟ್ಟಿಗೆಯಿಂದ ನನ್ನನ್ನು ಮಾಡಿದರು. ಕೊನೆಯ ಮೊಳೆ ಬಡಿದು, ಕೈ ತೊಳೆದುಕೊಂಡು ಬಂದು, "ಬಿಸ್ಮಿಲ್ಲಾ" ಎಂದು ತಿದಿ ಒತ್ತಿದರು. ಒಳಗೆ ಗಾಳಿ ಹೊಕ್ಕಿತು. ನನಗೂ ದನಿಯಿದೆ ಎಂದು ತಿಳಿದದ್ದು ಆಗಲೇ.

ಅಲ್ಲಿಂದ ನಾಟಕ ಕಂಪನಿಯೊಂದಕ್ಕೆ ಹೋದೆ. ಅಲ್ಲಿ ಶುರುವಾತಿಗೆ ಬೇರೆ ಹೆಸರು: ನಾಂದಿ. ಆ ಹಾಡು ಆಗದೆ ಆಟ ಮುಂದುವರಿಯುವಂತಿಲ್ಲ. ನನ್ನನ್ನು ನುಡಿಸುತ್ತಿದ್ದವರು ಗುರುಪಾದಪ್ಪ ಮಾಸ್ತರರು. ಮಾತು ಕಮ್ಮಿ, ಬೀಡಿ ಜಾಸ್ತಿ.

ಬಾದಾಮಿಯ ಕ್ಯಾಂಪಿನಲ್ಲಿ ಒಂದು ಭಾನುವಾರ ಮಧ್ಯಾಹ್ನದ ಆಟ. ಮುಖ್ಯ ನಟಿಗೆ ಜ್ವರ. ಕಂಪನಿ ಸೇರಿ ತಿಂಗಳೂ ಆಗಿರದ ಚಂದ್ರವ್ವನನ್ನು ನಾಂದಿಗೆ ನಿಲ್ಲಿಸಿದರು. ನಾನು ಶ್ರುತಿ ಕೊಟ್ಟೆ. ಅವಳ ಬಾಯಿ ತೆರೆಯಿತು, ದನಿ ಬರಲಿಲ್ಲ. ಮತ್ತೊಮ್ಮೆ ಕೊಟ್ಟೆ. ಇಲ್ಲ. ಜನ ಸಿಳ್ಳೆ ಹೊಡೆದರು.

"ಒಳಗ ಕರೀರಿ ಆಕೀನ್ನ!" ಮಾಲೀಕರು ಪರದೆಯ ಹಿಂದಿನಿಂದ ಗದರಿದರು.

ಇವತ್ತು ಒಳಗೆ ಹೋದರೆ ಈ ಹುಡುಗಿ ಮತ್ತೆಂದೂ ರಂಗಕ್ಕೆ ಬರುವುದಿಲ್ಲವೆಂದು ಮಾಸ್ತರರಿಗೆ ಗೊತ್ತಿತ್ತು. ಅವರು ತಿದಿಯಿಂದ ಕೈ ತೆಗೆಯಲಿಲ್ಲ.

"ಮಂದಿ ಕಡೆ ನೋಡಬ್ಯಾಡವ್ವಾ, ಇತ್ತ ನೋಡು. ಈ ಪೇಟಿಗೆ ಅಷ್ಟ ಕೇಳೂವಂಗ ಹಾಡು."

ಅವಳು ನನ್ನ ಹತ್ತಿರ ಬಂದು ಕುಳಿತಳು. ಅವಳ ಬೆವರು ನನ್ನ ಬಿಳಿಯ ಪಟ್ಟಿಗಳ ಮೇಲೆ ಹನಿಯಿತು. ಮೊದಲ ಸಾಲು ಒಡಕು ದನಿಯಲ್ಲೇ ಬಂತು. ಎರಡನೆಯ ಸಾಲಿಗೆ ಸಿಳ್ಳೆ ನಿಂತಿತು. ಮೂರನೆಯದಕ್ಕೆ ಅವಳೇ ಎದ್ದು ಜನರ ಕಡೆ ತಿರುಗಿದಳು.

ಮುಂದೆ ಇಪ್ಪತ್ತು ವರ್ಷ ಅವಳ ಹೆಸರಿಗೇ ಟೆಂಟು ತುಂಬಿತು. ಕಂಪನಿ ಮುಚ್ಚಿದಾಗ ಚಂದ್ರವ್ವ ಬೇರೇನೂ ಕೇಳದೆ ನನ್ನನ್ನು ಗದುಗಿಗೆ ತಂದಳು. ಮನೆಯ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹಾಡನ್ನೂ ನನ್ನನ್ನು ನುಡಿಸುವುದನ್ನೂ ಕಲಿಸಿದಳು. ಮಗಳನ್ನು ಕರೆತಂದ ತಾಯಂದಿರಲ್ಲಿ ಕೆಲವರು ಮೊದಲ ಪಾಠಕ್ಕೆ ಓನಾಮ ಎಂದರು, ಕೆಲವರು ಶ್ರೀಕಾರ ಎಂದರು. ಚಂದ್ರವ್ವ ಮಾತ್ರ, "ಹೂಂ, ಬಾಯಿ ತೆಗಿ" ಎನ್ನುತ್ತಿದ್ದಳು. ಯಾವುದಾದರೂ ಹುಡುಗಿಯ ದನಿ ಒಡೆದು ಅಳು ಬಂದರೆ ನಗುತ್ತಿದ್ದಳು: "ಒಡೀಲಿ ಬಿಡಽ. ತತ್ತಿ ಒಡೀದಽ ಮರಿ ಬರತದೇನು?"

ಹೋದ ವರ್ಷ ಚಂದ್ರವ್ವ ತೀರಿಕೊಂಡಳು. ನನ್ನ ತಿದಿ ಹರಿದಿದೆ. ಹಳೆಯ ಸೀರೆಯೊಂದನ್ನು ಹೊದ್ದು ಅವಳ ಮನೆಯ ಅಟ್ಟದ ಮೇಲಿದ್ದೇನೆ. ನುಡಿಸಿದ ಸಾವಿರಾರು ಹಾಡುಗಳು ಒಂದರೊಳಗೊಂದು ಕಲೆತುಹೋಗಿವೆ. ಯಾವುದು ಯಾವ ಊರಿನದೆಂದು ಈಗ ಹೇಳಲಾರೆ. ಆದರೆ ಮೊದಲ ಸಲ ನನ್ನನ್ನು ಮುಟ್ಟಿದ ಬೆರಳುಗಳು ನೆನಪಿವೆ, ಒಂದೊಂದೂ, ಅವರವರ ಹೆಸರಿನ ಸಮೇತ.