ಗೇಟಿನಾಚೆ ನಿಂತವರು

ದ್ವಾರಕನಾಥರು ಬ್ಯಾಂಕಿನಲ್ಲಿ ಎಷ್ಟೇ ದೊಡ್ಡ ಸಾಹೇಬರಾದರೂ ವರ್ಷಕ್ಕೊಂದು ದಿನ, ತಾಯಿಯ ಶ್ರಾದ್ಧದ ದಿನ, ಪೂರ್ತಿ ಮೈಸೂರಿನ ಅಗ್ರಹಾರದ ಮನುಷ್ಯರಾಗಿಬಿಡುತ್ತಿದ್ದರು. ಸಿಂಗಪುರದ ಹೌಗಾಂಗಿನ ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ಅಂದು ಮಡಿಯೋ ಮಡಿ. ಐದು ಗಂಟೆಗೇ ಸ್ನಾನ, ಯಾರೂ ಮುಟ್ಟದ ಹಾಗೆ ಒಣಗಿಸಿಟ್ಟ ಪಂಚೆ, ಸೋಫಾವನ್ನು ಗೋಡೆಗೆ ತಳ್ಳಿ ಹಾಲ್ ತುಂಬ ದರ್ಭೆ, ಎಳ್ಳು, ಬಾಳೆಲೆ. ಪುರೋಹಿತ ಸೇತುರಾಮ ಮಿಕ್ಕ ದಿನಗಳಲ್ಲಿ ಪಾಯಾ ಲೆಬಾರ್‌ನ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಕುಟ್ಟುವವನು. ಎರಡು ಗಂಟೆಗೆ ಮೀಟಿಂಗ್ ಇದೆ ಎಂದು ಮೊದಲೇ ಹೇಳಿಬಿಟ್ಟಿದ್ದ. ಹಾಗಾಗಿ ಮನೆಯಲ್ಲಿ ಮಡಿಯ ಜೊತೆಗೆ ಗಡಿಬಿಡಿಯೂ ಸೇರಿಕೊಂಡಿತ್ತು.

ಒಂಬತ್ತಕ್ಕೆ ಮಗ ವಿಭವ್ ರಾತ್ರಿ ಪಾಳಿ ಮುಗಿಸಿ ಬಂದು ಫ್ಲ್ಯಾಟಿನ ಬಾಗಿಲಿಗಿದ್ದ ಕಬ್ಬಿಣದ ಗೇಟಿನ ಮುಂದೆ ನಿಂತ.

ವಿಭವ್‌ಗೆ ಹತ್ತೊಂಬತ್ತು. ಸಿಂಗಪುರದಲ್ಲಿ ಹುಡುಗರಿಗೆ ಹದಿನೆಂಟು ತುಂಬಿದರೆ ಎರಡು ವರ್ಷದ ದೇಶಸೇವೆ, ಅಂದರೆ ಎನ್ಎಸ್, ಕಾದಿರುತ್ತದೆ, ತಪ್ಪಿಸಿಕೊಳ್ಳುವಂತಿಲ್ಲ. ಬಹುಪಾಲು ಹುಡುಗರು ಸೇನೆಗೆ ಹೋಗುತ್ತಾರೆ, ಕೆಲವರು ಪೊಲೀಸಿಗೆ, ಕೆಲವರು ಸಿವಿಲ್ ಡಿಫೆನ್ಸಿಗೆ. ಯಾರು ಎಲ್ಲಿಗೆ ಎಂದು ತೀರ್ಮಾನಿಸುವುದು ಸರ್ಕಾರವೇ ಹೊರತು ಅಪ್ಪಂದಿರಲ್ಲ. ವಿಭವ್ ಪಾಲಿಗೆ ಬಂದದ್ದು ಸಿವಿಲ್ ಡಿಫೆನ್ಸಿನ ಆಂಬುಲೆನ್ಸ್. ಕನ್ನಡ ಸಂಘದ ಊಟದಲ್ಲಿ ವಿಭವ್‌ನ ಓರಗೆಯ ವಿಶ್ವಜಿತ್‌ನ ಅಪ್ಪ ಬಂದೂಕು ಹಿಡಿದ ಮಗನ ಫೋಟೋ ಎಲ್ಲರಿಗೂ ತೋರಿಸುವಾಗ ದ್ವಾರಕನಾಥರು "ನಮ್ಮವನೂ ಎನ್ಎಸ್ ಮಾಡ್ತಿದಾನೆ" ಎಂದಷ್ಟೇ ಹೇಳಿ ಸಾರು ಬಡಿಸಿಕೊಳ್ಳುತ್ತಿದ್ದರು. ಕಂಡವರ ಸ್ಟ್ರೆಚರ್ ಹೊರುವುದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎಂಬುದು ಅವರ ಲೆಕ್ಕಾಚಾರ.

"ಅಪ್ಪಾ, ಬೆಳಿಗ್ಗೆ ಒಂದು ಕೇಸ್ ಬಂತು. ಹೋಗ್ಬಿಟ್ರು," ಎಂದ ವಿಭವ್ ಗೇಟಿಗೆ ಕೈಹಾಕುತ್ತ. ಕಣ್ಣು ಕೆಂಪಾಗಿತ್ತು. "ನಾನೇ ಸಿಪಿಆರ್ ಮಾಡ್ತಿದ್ದೆ. ಯಾರು ಗೊತ್ತಾ, ನಮ್ಮ..."

"ಅಲ್ಲೇ ನಿಲ್ಲು," ಎಂದರು ದ್ವಾರಕನಾಥರು. "ಹೆಣ ಮುಟ್ಟಿದ್ಯಾ?"

"ಮುಟ್ಟದೆ ಹೇಗಪ್ಪಾ? ಅದೇ ತಾನೆ ನನ್ ಡ್ಯೂಟಿ."

ಊರಿನ ಮನೆಯಾಗಿದ್ದರೆ ಹಿತ್ತಲ ನಲ್ಲಿಯ ಕೆಳಗೆ ನಾಲ್ಕು ಚೊಂಬು ಸುರಿದುಕೊಂಡು ಬಾ ಎನ್ನಬಹುದಿತ್ತು. ಒಂಬತ್ತನೇ ಮಹಡಿಗೆ ಹಿತ್ತಲೆಲ್ಲಿಂದ ಬರಬೇಕು? ಬಚ್ಚಲಿಗೆ ಹೋಗಬೇಕಾದರೆ ಹಾಲ್ ದಾಟಬೇಕು, ಹಾಲ್‌ನಲ್ಲಿ ಎಲೆ ಹಾಕಿ ಆಗಿದೆ.

ಅಡುಗೆಮನೆಯಿಂದ ಅಲಮೇಲು ಇಣುಕಿದರು. "ರೀ, ಬರ್ಲಿ ಬಿಡಿ. ಆಮೇಲೆ ನಾನೇ ಎಲ್ಲಾ ಒರೆಸ್ತೀನಿ. ರಾತ್ರಿಯೆಲ್ಲಾ ನಿದ್ದೆ ಇಲ್ಲ ಮಗೂಗೆ."

"ನೀನು ಸುಮ್ನಿರು. ನಮ್ಮಮ್ಮಂಗೆ ಮಾಡೋದು ವರ್ಷಕ್ಕೆ ಒಂದೇ ದಿನ." ಮಗನ ಕಡೆ ತಿರುಗಿ, "ಸ್ವಿಮ್ಮಿಂಗ್ ಕಾಂಪ್ಲೆಕ್ಸ್‌ನಲ್ಲಿ ಶವರ್ ಇದ್ಯಲ್ಲ, ಅಲ್ಲಿ ಸ್ನಾನ ಮಾಡ್ಕೊಂಡು ಬಾ," ಎಂದರು.

ಅಲಮೇಲು ತಂದಿಟ್ಟ ಬಟ್ಟೆಯ ಚೀಲವನ್ನು ದ್ವಾರಕನಾಥರು ಗೇಟನ್ನು ಗೇಣಷ್ಟು ತೆರೆದು ಕಾಲಿನಿಂದ ಹೊರಗೆ ತಳ್ಳಿದರು. ಕೈಯಲ್ಲಿ ಕೊಟ್ಟರೆ ತಾಗಿಬಿಟ್ಟೀತು ಎಂದು. ವಿಭವ್ ಚೀಲವನ್ನೂ ಅಪ್ಪನ ಕಾಲನ್ನೂ ಒಂದು ಗಳಿಗೆ ನೋಡಿದ.

"ಓಕೆ ಲಾ," ಎಂದು ಚೀಲ ಎತ್ತಿಕೊಂಡು ಲಿಫ್ಟಿನ ಕಡೆ ನಡೆದ. ಅವನು ಹೇಳಬೇಕೆಂದಿದ್ದ ಹೆಸರು ಬಾಯಲ್ಲೇ ಉಳಿಯಿತು.

ಹನ್ನೊಂದೂವರೆಗೆ, ಸೇತುರಾಮ ಗಡಿಯಾರ ನೋಡುತ್ತ ಮಂತ್ರದ ವೇಗ ಹೆಚ್ಚಿಸುತ್ತಿದ್ದಾಗ, ಗೇಟಿನ ಹತ್ತಿರ ಯಾರೋ ಕೆಮ್ಮಿದರು. ನಾಲ್ಕನೇ ಮಹಡಿಯ ಮಿಸೆಸ್ ಟಾನ್. ಎಪ್ಪತ್ತರ ಹೆಂಗಸು, ಒಂದೊಂದು ಕಾಲಿಗೆ ಒಂದೊಂದು ಬಗೆಯ ಚಪ್ಪಲಿ.

"ಸಾರಿ ಲಾ, ಪೂಜೆ ಹೊತ್ತಲ್ಲಿ ಬಂದೆ," ಎಂದರು ತಮ್ಮ ಮುರುಕು ಇಂಗ್ಲಿಷಿನಲ್ಲಿ. "ನನ್ನ ಗಂಡ ಹೋಗಿಬಿಟ್ಟರು. ಬೆಳಿಗ್ಗೆ, ಹಾರ್ಟು."

ದ್ವಾರಕನಾಥರು ಎದ್ದುಬಂದರು. ಮಿಸ್ಟರ್ ಟಾನ್ ಅವರನ್ನು ಹನ್ನೆರಡು ವರ್ಷದಿಂದ ಬಲ್ಲರು. ಮಡಿಯಲ್ಲಿರುವುದೂ ಮರೆತು, "ಒಳಗೆ ಬನ್ನಿ" ಎಂದುಬಿಟ್ಟರು.

ಮಿಸೆಸ್ ಟಾನ್ ತಲೆಯಾಡಿಸಿದರು. "ಇಲ್ಲ, ಇಲ್ಲ. ಸಾವಿನ ಮನೆಯವರು ಇನ್ನೊಬ್ಬರ ಮನೆ ಹೊಸಿಲು ತುಳಿಯಬಾರದು, ನಮ್ಮಲ್ಲಿ ಹಾಗೆ. ನಾನು ಇಲ್ಲೇ ನಿಲ್ಲುತ್ತೇನೆ."

ದ್ವಾರಕನಾಥರಿಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ಮರುಕ್ಷಣವೇ ನಾಚಿಕೆಯೂ ಆಯಿತು.

"ನಿಮ್ಮ ಹುಡುಗನೇ ಬಂದಿದ್ದ," ಎಂದರು ಆಕೆ. "ಎದೆ ಒತ್ತಿದ, ಒತ್ತಿದ, ನಿಲ್ಲಿಸಲೇ ಇಲ್ಲ. ಬೆವರು ನೀರಿನ ಹಾಗೆ ಸುರೀತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರ್ ಮುಗಿಯಿತು ಅಂದಮೇಲೆ, ಅಂಕಲ್ ಪಾದಕ್ಕೆ ಯಾವಾಗಲೂ ಚಳಿ ಅಲ್ವಾ ಆಂಟಿ ಅಂತ ಹೊದಿಕೆ ಎಳೆದು ಮುಚ್ಚಿದ. ನನ್ನ ಮಗ ಬರುವವರೆಗೂ ನನ್ನ ಪಕ್ಕದಲ್ಲೇ ಕೂತಿದ್ದ. ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅವನ ಕೈ ಒಂದು ಸಲ ಹಿಡಿದುಕೊಂಡು ಹೋಗೋಣ ಅಂತ ಬಂದೆ. ಇದ್ದಾನಾ?"

ದ್ವಾರಕನಾಥರು ಪಂಚೆಯ ಅಂಚು ಸರಿಮಾಡಿಕೊಂಡರು. ನಿಮ್ಮ ಗಂಡನನ್ನು ಮುಟ್ಟಿದ್ದಕ್ಕೆ ಅವನನ್ನು ಮನೆಯೊಳಗೆ ಸೇರಿಸಲಿಲ್ಲ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಅಲಮೇಲು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿರುವುದು ತಿರುಗದೆಯೇ ತಿಳಿಯುತ್ತಿತ್ತು.

"ಮಲಗಿದ್ದಾನೆ," ಎಂದರು ದ್ವಾರಕನಾಥರು. ತಾಯಿಯ ಪಿಂಡದ ಮುಂದೆ, ಮಡಿಪಂಚೆಯಲ್ಲಿ, ಹಸೀ ಸುಳ್ಳು.

"ಎಬ್ಬಿಸಬೇಡಿ, ಪಾಪ," ಎಂದರು ಮಿಸೆಸ್ ಟಾನ್. "ಚೆನ್ನಾಗಿ ಮಲಗಲಿ. ಒಳ್ಳೆಯ ಮಗನನ್ನು ಬೆಳೆಸಿದ್ದೀರಿ."

ಇದಕ್ಕಿಂತ ಆಕೆ ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. ದ್ವಾರಕನಾಥರು ನಿಂತಲ್ಲೇ ಕುಗ್ಗಿದರು. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಒದ್ದೆ ಕೂದಲು, ಹೆಗಲ ಮೇಲೆ ಟವೆಲು, ಕೈಯಲ್ಲಿ ಯೂನಿಫಾರ್ಮ್ ತುರುಕಿದ ಚೀಲ: ವಿಭವ್ ಬಂದ.

"ಅಯ್ಯೋ, ನೀನು ಮಲಗಿದ್ದೀಯ ಅಂದರಲ್ಲ ನಿಮ್ಮಪ್ಪ," ಎಂದರು ಮಿಸೆಸ್ ಟಾನ್.

ವಿಭವ್ ಅಪ್ಪನ ಮುಖ ನೋಡಿದ. ಒಂದೇ ಒಂದು ಸಲ.

"ಹೌದು ಆಂಟಿ, ಮಲಗಿದ್ದೆ," ಎಂದ. "ನಿದ್ದೆ ಬರಲಿಲ್ಲ. ಅಪ್ಪನಿಗೆ ಹೇಳದೆ ಸ್ವಿಮ್ಮಿಂಗ್ ಹೋಗಿಬಿಟ್ಟೆ."

ಬೈಯಬಹುದಿತ್ತು, ಮುಖ ಗಂಟಿಕ್ಕಬಹುದಿತ್ತು, ಸುಮ್ಮನಾದರೂ ಇರಬಹುದಿತ್ತು. ಹುಡುಗ ಅಪ್ಪನ ಮಾನ ಉಳಿಸಿದ. ಉಳಿಸಿದ್ದರಿಂದಲೇ ಅದು ಪೂರ್ತಿ ಹೋಯಿತು ಎಂದು ದ್ವಾರಕನಾಥರಿಗೆ ಅನ್ನಿಸಿತು.

ಮಿಸೆಸ್ ಟಾನ್ ಎರಡೂ ಕೈ ಚಾಚಿದರು. ವಿಭವ್ ತನ್ನ ಕೈ ಮುಂದೆ ತಂದವನು ಅರ್ಧದಲ್ಲೇ ನಿಲ್ಲಿಸಿ, ಮೆಲ್ಲಗೆ ಬೆನ್ನ ಹಿಂದಕ್ಕೆ ಎಳೆದುಕೊಂಡ. ಆಕೆಯ ಭುಜದ ಮೇಲಿನಿಂದ ಅಪ್ಪನನ್ನು ನೋಡಿ ಕನ್ನಡದಲ್ಲಿ ಕೇಳಿದ.

"ಮುಟ್ಟಬಹುದಾ ಅಪ್ಪಾ?"

ಅವನ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿ ಕೇಳುತ್ತಿದ್ದ.

ಮಿಸೆಸ್ ಟಾನ್‌ಗೆ ಕನ್ನಡ ಬಾರದು. ಚಾಚಿದ ಕೈಗಳನ್ನು ಹಾಗೇ ಹಿಡಿದುಕೊಂಡು ದ್ವಾರಕನಾಥರ ಕಡೆ ತಿರುಗಿದರು. "ಏನು ಹೇಳುತ್ತಿದ್ದಾನೆ?"

ಇಪ್ಪತ್ತು ವರ್ಷ ಇಂಗ್ಲಿಷಿನಲ್ಲೇ ಬ್ಯಾಂಕು ನಡೆಸಿದ ಮನುಷ್ಯ ಬಾಯಿ ತೆರೆದರು. ಆ ಒಂದು ಮಾತನ್ನು ಆಕೆಗೆ ಇಂಗ್ಲಿಷಿನಲ್ಲಿ ಹೇಳಲು ಅವರಿಂದಾಗಲಿಲ್ಲ.