ಬಾಯಿ ಮಾತ್ರ ಪ್ರಾರ್ಥಿಸಿದ ದಿನ

"ಇದು ನೀವೇ ಬರ್ದಿದ್ದಾ ಅಯ್ನೋರೆ?" ಸಭೆಯ ಹಿರಿಯರಾದ ಯಾಕೋಬಪ್ಪ ಹೋದ ವಾರದ ಪುರವಣಿಯನ್ನು ಮೇಜಿನ ಮೇಲೆ ಹರಡಿದರು.

ಸುಗುಣಪ್ಪ ಬಿಳಿ ನಿಲುವಂಗಿಯ ಗುಂಡಿಗಳನ್ನು ಅರ್ಧಕ್ಕೇ ಬಿಟ್ಟರು. ಮಾದನಾಯಕನಹಳ್ಳಿಯ ಈ ಪುಟ್ಟ ದೇವಾಲಯಕ್ಕೆ ಪಾದ್ರಿಯಾಗಿ ಬಂದು ಹನ್ನೊಂದು ವರ್ಷ. ಕವಿತೆ ಬರೆಯುವ ಅಭ್ಯಾಸ ಅದಕ್ಕಿಂತ ಹಳೆಯದು. ಹೆಸರು ಹಾಕಿ ಅಚ್ಚಿಗೆ ಕೊಟ್ಟದ್ದು ಮಾತ್ರ ಇದೇ ಮೊದಲು.

"ನಾನೇ."

ಯಾಕೋಬಪ್ಪ ಕನ್ನಡಕ ಏರಿಸಿಕೊಂಡು ಓದಿದರು: "ಮಣ್ಣು ಹಾಕುವಾಗ ನಾನು ಪ್ರಾರ್ಥಿಸಲಿಲ್ಲ. ಬಾಯಿ ಪ್ರಾರ್ಥಿಸಿತು, ನಾನು ಆಚೆ ನಿಂತಿದ್ದೆ." ಹಾಳೆ ಮಡಚಿದರು. "ರಾಹೇಲಮ್ಮನ ಮಗನ್ನ ಹೂತಿದ್ ದಿನದ್ದು ತಾನೇ? ಎಲ್ರಿಗೂ ಗೊತ್ತಾಗೈತೆ. ಪಾದ್ರಿಗೇ ನಂಬಿಕೆ ಇಲ್ದಿದ್ರೆ ನಾವ್ಯಾಕೆ ಬರ್ಬೇಕು? ಇವತ್ತು ಆರಾಧನೇಲಿ ತಪ್ಪಾಯ್ತು ಅಂದ್ಬಿಡಿ. ಇಲ್ಲಾಂದ್ರೆ ಮೇಲಿನೋರಿಗೆ ಬರೀಬೇಕಾಯ್ತದೆ."

ಅವರು ಹೋದ ಮೇಲೆ ಸುಗುಣಪ್ಪನವರಿಗೆ ಕೂರಲಾಗಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಸತ್ತ ಆ ಹುಡುಗ, ಪ್ರಸನ್ನನಿಗೆ ಇಪ್ಪತ್ತೆರಡು ವರ್ಷ. ಅವನಿಗೆ ಹಾಡು ಕಲಿಸಿದ್ದು ಇವರೇ. 'ತಪ್ಪಾಯ್ತು' ಎಂದು ಮೆಲ್ಲಗೆ ಹೇಳಿ ನೋಡಿದರು. ಅದೂ ಬರೀ ಬಾಯಿಮಾತಾಗಿ ಕೇಳಿಸಿತು.

ತಿರುಗಿದರೆ ಬಾಗಿಲಲ್ಲಿ ರಾಹೇಲಮ್ಮ ನಿಂತಿದ್ದಳು.

"ನನ್ ಮಗನ ಮ್ಯಾಲೆ ಏನೋ ಬರ್ದಿದೀರಂತೆ. ನಂಗೆ ಓದಾಕ್ ಬರಾಕಿಲ್ಲ. ಓದಿ, ಕೇಳ್ತೀನಿ."

"ಬೇಡಮ್ಮ. ನಿಮಗೆ ನೋವಾಗುತ್ತೆ."

"ಇನ್ನೇನ್ ಉಳ್ದದೆ ನೋಯಾಕೆ? ಓದಿ."

ಓದಿದರು. ಆ ಸಾಲು ಬಂದಾಗ ದನಿ ಇಳಿಯಿತು, ಆದರೂ ಬಿಡಲಿಲ್ಲ. ರಾಹೇಲಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನೆಲ ನೋಡುತ್ತಿದ್ದಳು.

"ಅವತ್ತು ನೀವು ದೇವ್ರ ಚಿತ್ತ ಅಂದ್ರಿ," ಎಂದಳು ಕೊನೆಗೆ. "ಎಲ್ರೂ ಅಂಗೇ ಅಂದ್ರು. ಅದ್ಕೆ ನಾನು ಅಳ್ನಿಲ್ಲ ಅಯ್ನೋರೆ. ಅತ್ರೆ ದೇವ್ರ ಮ್ಯಾಲೆ ಮುನಿಸ್ಕೊಂಡಂಗೆ ಆಯ್ತದೇನೋ ಅಂತ. ಇದ್ನ ಅವತ್ತೇ ಅಂದಿದ್ರೆ..." ಮಾತು ಮುಗಿಸದೆ ದೇವಾಲಯದೊಳಗೆ ಹೋಗಿ ಕೂತಳು.

ಗಂಟೆ ಹೊಡೆಯಿತು. ಸುಗುಣಪ್ಪ ಎಲ್ಲರ ಎದುರು ನಿಂತರು. ಮೊದಲ ಸಾಲಿನಲ್ಲಿ ಯಾಕೋಬಪ್ಪ ಕಾಯುತ್ತಿದ್ದರು.

"ತಪ್ಪಾಗಿದೆ," ಎಂದರು ಸುಗುಣಪ್ಪ. "ಬರೆದದ್ದಲ್ಲ. ಪ್ರಸನ್ನನನ್ನು ಹೂತ ದಿನ ನನಗೆ ಪ್ರಾರ್ಥಿಸೋದಕ್ಕೆ ಆಗಲಿಲ್ಲ. ಅದನ್ನ ನಿಮ್ಮಿಂದ ಮುಚ್ಚಿಟ್ಟೆ. ಅದು ತಪ್ಪು."

ತುಮಕೂರು ರಸ್ತೆಯಲ್ಲಿ ಲಾರಿಯೊಂದು ಏದುಸಿರು ಬಿಡುತ್ತ ಹಾದುಹೋಯಿತು. ಹೆಂಗಸರ ಕಡೆಯಿಂದ ಮೊದಲು ಸಣ್ಣದಾಗಿ, ಆಮೇಲೆ ತಡೆಯಲಾರದಂತೆ ಅಳು ಎದ್ದಿತು. ಪಕ್ಕದಲ್ಲಿದ್ದವಳು ರಾಹೇಲಮ್ಮನತ್ತ ಸರಿದು ಕೂತಳು. ಏಳಲು ಹೊರಟಿದ್ದ ಯಾಕೋಬಪ್ಪ ಏಳಲಿಲ್ಲ. ಹಾಡಿನ ಪುಸ್ತಕ ತೆರೆದು, ಯಾವ ಪುಟವನ್ನೂ ನೋಡದೆ, ಹಾಗೇ ಹಿಡಿದುಕೊಂಡು ಕೂತರು.